ಬಲಗಡೆಯಿಂದ ಎಣಿಸುವವರು

"ಈಗ ಬೆರಳು ತೆಗೆದೆ. ಕೇಳಿಸ್ಕೊಳ್ಳಿ," ಎಂದರು ಅತ್ತೆ.

ಇನ್‌ಸ್ಪೆಕ್ಟರ್ ಕಿವಿಗೊಟ್ಟ. ಅತ್ತೆಯ ಎರಡೂ ಕೈ ಮಡಿಲಲ್ಲಿದ್ದವು. ಪಿಯಾನೊ ಮಾತ್ರ ಹಾಡುತ್ತಲೇ ಇತ್ತು. ಒಂದೇ ಒಂದು ಸ್ವರ, ಯಾರ ಅಪ್ಪಣೆಯೂ ಇಲ್ಲದೆ ಕೋಣೆಯಲ್ಲೆಲ್ಲ ಓಡಾಡಿ, ಕಿಟಕಿಯ ಗಾಜನ್ನು ಸಣ್ಣಗೆ ನಡುಗಿಸಿ, ಇನ್ನೂ ಮುಗಿಯದೆ ಉಳಿದಿತ್ತು. 

"ಯಾವಾಗ ನಿಲ್ಲುತ್ತೆ ಇದು?"

"ಅದಕ್ಕೆ ದಣಿವಾದಾಗ."

ಊರಿಗೆಲ್ಲ ಇವರೊಬ್ಬರೇ ಪಿಯಾನೊ ರಿಪೇರಿಯವರು. ಗಂಡ ಹೋದ ಮೇಲೆ ಅವರ ಇಕ್ಕಳ, ಉಳಿ, ಅಂಟಿನ ಡಬ್ಬಿಗಳನ್ನೆಲ್ಲ ತಾವೇ ಎತ್ತಿಕೊಂಡವರು. ನಾಲಿಗೆಯಂತೂ ಗರಗಸ. ಗಿರಾಕಿ ಬರಲಿ, ವಕೀಲ ಬರಲಿ, ಎಲ್ಲರಿಗೂ ಏಕವಚನವೇ. ಅವರ ಬಾಯಲ್ಲಿ ಬಹುವಚನ ಪಡೆದವರು ಲೋಕದಲ್ಲಿ ಇಬ್ಬರೇ, ಗಂಡ ಮತ್ತು ಅಳಿಯ. "ಒಬ್ಬರು ಹೋದ್ರು. ಉಳಿದಿರೋ ಮರ್ಯಾದೆಯೆಲ್ಲ ನಿಮಗೇ," ಎಂದು ಇನ್‌ಸ್ಪೆಕ್ಟರನ ಹೆಂಡತಿ ಅವನನ್ನು ಚುಡಾಯಿಸುವುದಿತ್ತು.

ಅಳಿಯ ಕೇಳಿಕೊಂಡನೆಂದು ಬಂದ ಅತ್ತೆ, ತೀರಿಹೋದ ಟೀಚರಮ್ಮನ ಪಿಯಾನೊದ ಮುಂದಿನ ಹಲಗೆಯನ್ನು ಕಳಚಿ ಗೋಡೆಗೆ ಒರಗಿಸಿದ್ದರು. ನೂರು ವರ್ಷಕ್ಕೂ ಹಳೆಯ ಪೆಟ್ಟಿಗೆ. ಒಳಗೆ ಸಾಲು ಸಾಲು ತಂತಿ, ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ. ಸುತ್ತಿಗೆಗಳ ಮೇಲೆ ಇನ್ನೊಂದು ಸಾಲು ಇರಬೇಕಿತ್ತು, ಹೆಬ್ಬೆರಳಿನಷ್ಟು ಮರದ ತುಂಡುಗಳದ್ದು, ಮುಖಕ್ಕೆ ಉಣ್ಣೆಯ ಮೆತ್ತೆ ಅಂಟಿಸಿದವು. ಅವಕ್ಕೆ ಡ್ಯಾಂಪರ್ ಅನ್ನುತ್ತಾರೆ. ಬೆರಳಡಿಯ ಬಿಳಿ ಮಣೆ ಒತ್ತಿದರೆ ತಂತಿ ಬಿಟ್ಟು ಸರಿಯುತ್ತವೆ, ಬೆರಳೆತ್ತಿದ ಕೂಡಲೇ ತಂತಿಯ ಮೇಲೆ ಬಂದು ಕೂತು ಅದರ ಬಾಯಿ ಮುಚ್ಚಿಸುತ್ತವೆ.

ನಡುವಿನ ಭಾಗದಲ್ಲಿ ಆ ಸಾಲೇ ಇರಲಿಲ್ಲ. ಹಲ್ಲುದುರಿದ ವಸಡಿನ ಹಾಗೆ ಬೋಳಾಗಿತ್ತು.

"ತುದೀಲಿರೋ ಕೀಚಲು ಸ್ವರಗಳಿಗೆ ಡ್ಯಾಂಪರ್ ಇರೋದೇ ಇಲ್ಲ, ಅವು ತಾವಾಗೇ ಸಾಯ್ತವೆ," ಎಂದು ಅತ್ತೆ ವಿವರಿಸಿದರು. ಆದರೆ ನಡುವಿನವು ಹಾಗಲ್ಲವಂತೆ. ಈ ಪಿಯಾನೊದಲ್ಲಿ ಒಂದು ಹಾಡು ನುಡಿಸಿದರೆ ಮೊದಲ ಸ್ವರ ಸಾಯುವ ಮುಂಚೆ ಹತ್ತನೆಯದು ಹುಟ್ಟಿ, ಎಲ್ಲ ಒಂದರ ಮೇಲೊಂದು ಬಿದ್ದು ಗಲಾಟೆಯಾಗುತ್ತದೆ ಹೊರತು ಹಾಡಾಗುವುದಿಲ್ಲ.

ಇನ್‌ಸ್ಪೆಕ್ಟರ್ ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕೂತುಬಿಟ್ಟ. 

ಸಂಗೀತದ ಟೀಚರಮ್ಮ ಹಿತ್ತಿಲ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಸತ್ತು ಬಿದ್ದಾಗಿನಿಂದ ಇಡೀ ಕೇಸು ನಿಂತದ್ದು ಒಂದೇ ಸಾಕ್ಷಿಯ ಮೇಲೆ. ಕೆಳಗಿನ ಅಂಗಡಿಯ ಟೈಲರ್, ಆ ಮಧ್ಯಾಹ್ನ ಮೇಲೆ ಪಿಯಾನೊ ನುಡಿಯುವುದನ್ನು ಕೇಳಿದ್ದ. ಅದೇ ಹೊತ್ತಿನಲ್ಲಿ ಟೀಚರಮ್ಮನ ತಮ್ಮ, ಔಷಧಿ ಅಂಗಡಿಯವನು, ಪ್ಯಾಂಟಿನ ಅಳತೆ ಕೊಡುತ್ತ ಟೈಲರನ ಕಣ್ಣೆದುರೇ ನಿಂತಿದ್ದ. ಸಂಗೀತ ನಿಂತ ಮೇಲೂ ಅವನು ಅಲ್ಲೇ ಇದ್ದ. ಆಮೇಲೆ ಮನೆಯೊಳಗೆ ಹೋದವಳು ಟೀಚರಮ್ಮನ ಸಾಕುಮಗಳು ಒಬ್ಬಳೇ. ಕಿರುಚಿಕೊಂಡವಳೂ ಅವಳೇ. ಈಗ ಲಾಕಪ್ಪಿನಲ್ಲಿರುವವಳೂ ಅವಳೇ.

ಆ ಹುಡುಗಿ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು. ಪಿಯಾನೊ ರಿಪೇರಿಯಲ್ಲಿತ್ತು, ಅಮ್ಮ ಅದನ್ನು ನುಡಿಸಿರೋಕೆ ಸಾಧ್ಯವೇ ಇಲ್ಲ ಅಂತ. ರಿಪೇರಿಗೆ ಬಂದವರಾರು ಎಂದರೆ ತನಗೆ ಗೊತ್ತಿಲ್ಲ, ಅಮ್ಮನೇ ಕರೆಸಿದ್ದು ಅನ್ನುತ್ತಿದ್ದಳು. ಊರಿಗೊಬ್ಬರೇ ಆದ ಅತ್ತೆಯನ್ನು ಕೇಳಿದರೆ, ನಾನು ಆ ಮನೆಗೆ ಹೋಗೇ ಇಲ್ಲ ಎಂದಿದ್ದರು. ಪೇದೆಯೊಬ್ಬ ಹೋಗಿ ಒಂದು ಮಣೆ ಒತ್ತಿ ನೋಡಿ ಬಂದಿದ್ದ. "ಠಣ್ ಅಂತು ಸಾರ್, ಚೆನ್ನಾಗೇ ಇದೆ," ಎಂದಿದ್ದ. ಠಣ್ ಅಂದದ್ದು ನಿಂತಿತೋ ಇಲ್ಲವೋ ಎಂದು ಕಾದು ನೋಡುವ ವ್ಯವಧಾನ ಯಾರಿಗಿತ್ತು? ಆ ಒಂದು ಠಣ್‌ಗೆ ಹುಡುಗಿ ಸುಳ್ಳುಗಾರ್ತಿಯಾದಳು. ನಾಳೆ ಅವಳನ್ನು ಕೋರ್ಟಿಗೆ ಒಪ್ಪಿಸಬೇಕು.

ಪೇದೆಯ ಮಾತಿಗೆ ಹೂಂಗುಟ್ಟಿ ಸಹಿ ಹಾಕಿದ್ದವನು ಇನ್‌ಸ್ಪೆಕ್ಟರೇ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಎದ್ದು ಪಿಯಾನೊದ ಒಳಗೆ ಬಗ್ಗಿ ನೋಡಿದ. ಡ್ಯಾಂಪರುಗಳನ್ನು ಕಿತ್ತ ಜಾಗದಲ್ಲಿ ಉದ್ದಕ್ಕೆ ಒಂದು ಮರದ ಪಟ್ಟಿ. ಅಷ್ಟು ಉದ್ದದ ಧೂಳನ್ನು ಯಾರೋ ಒರೆಸಿ, ನೀಲಿ ಪೆನ್ಸಿಲಿನಲ್ಲಿ ನಂಬರು ಬರೆದಿದ್ದರು, ಯಾವ ತುಂಡು ಎಲ್ಲಿಗೆ ಎಂದು ತಿಳಿಯಲು. ಆದರೆ ಲೆಕ್ಕ ವಿಚಿತ್ರವಾಗಿತ್ತು. ಎಡದಿಂದ ಬಲಕ್ಕೆ ಹೋದಂತೆ ನಂಬರು ಇಳಿಯುತ್ತಿತ್ತು.

"ಇದೇನು ಅತ್ತೆ, ತಲೆಕೆಳಗಾಗಿ ಬರೆದಿದ್ದಾರೆ?"

ಅತ್ತೆ ಬಗ್ಗಿದರು. ನೋಡಿದರು. "ಹೂಂ, ಎಲ್ಲರೂ ಎಡಗಡೆಯಿಂದ ಎಣಿಸಿದ್ರೆ ಇವರದ್ದು ಬಲಗಡೆಯಿಂದ. ಎಷ್ಟು ಹೇಳಿದ್ರೂ ಕೇಳಲ್ಲ," ಎಂದು ಗೊಣಗಿದರು.

"ಯಾರು?"

"ನಿಮ್ಮ ಮಾವ. ಇನ್ಯಾರು?" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಯಾವ ಕಾಲದಲ್ಲೋ ಇದನ್ನ ರಿಪೇರಿ ಮಾಡಿರ್ಬೇಕು." ಮರುಕ್ಷಣವೇ ಅಂಟು ಒಲೆಯ ಮೇಲಿದೆ, ಹೊತ್ತಿಹೋಗುತ್ತೆ ಎಂದು ನೆನಪಿಸಿಕೊಂಡು, ಚೀಲ ಹೆಗಲಿಗೇರಿಸಿ, ಸರಸರ ಮೆಟ್ಟಿಲಿಳಿದು ಹೋದರು. ಸತ್ತ ಗಂಡನ ಕೈಬರಹ ಕಂಡು ಕಣ್ಣಲ್ಲಿ ನೀರು ಬಂದಿರಬೇಕು ಪಾಪ ಎಂದುಕೊಂಡ ಇನ್‌ಸ್ಪೆಕ್ಟರ್. ಬುದ್ಧಿವಂತ ನಮ್ಮ ಇನ್‌ಸ್ಪೆಕ್ಟರ್, ಆದರೆ ಅತ್ತೆ ಮನೆಯ ವಿಷಯಕ್ಕೆ ಬಂದರೆ ಎಲ್ಲ ಅಳಿಯಂದಿರ ಹಾಗೆ ಸ್ವಲ್ಪ ಮಂದ.

ಕೆಳಗೆ ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ತೋಳು ಕೂಡಿಸುತ್ತಿದ್ದ. ಸಂಗೀತ ಹೇಗೆ ನಿಂತಿತು ಎಂದು ಇನ್‌ಸ್ಪೆಕ್ಟರ್ ಮತ್ತೆ ಕೇಳಿದ. ಟೈಲರ್ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, ಕತ್ತರಿ ಎತ್ತಿ ಗಾಳಿಯಲ್ಲಿ ಕಚಕ್ಕೆನ್ನಿಸಿದ.

"ಹೀಗೆ. ಕತ್ತರಿಸಿದ ಹಾಗೆ ನಿಂತಿತು. ಒಂದು ಎಳೆ ಕೂಡ ಜೋತಾಡಲಿಲ್ಲ."

ಮೇಲಿನ ಪಿಯಾನೊದಲ್ಲಿ ಹಾಗೆ ನಿಲ್ಲಿಸಲು ದೇವರಿಂದಲೂ ಆಗುತ್ತಿರಲಿಲ್ಲ. ಅಂದರೆ ಟೈಲರ್ ಕೇಳಿದ್ದು ಪಿಯಾನೊವನ್ನಲ್ಲ. ಯಾವತ್ತೋ ಟೇಪಿನಲ್ಲಿ ಹಿಡಿದಿಟ್ಟ ಸಂಗೀತವನ್ನು ಯಾರೋ ಮೇಲೆ ಹಾಕಿಟ್ಟು ಬಂದಿದ್ದರು. ಅದು ನುಡಿಯುವ ಹೊತ್ತಿಗೆ ಟೀಚರಮ್ಮ ಆಗಲೇ ಹಿತ್ತಿಲಲ್ಲಿ ಹೆಣವಾಗಿದ್ದಳು.

ಹುಡುಗಿ ಕಿರುಚಿದಾಗ ಟೀಚರಮ್ಮನ ತಮ್ಮ ಏನು ಮಾಡಿದ ಎಂದು ಕೇಳಿದ. ಏನು ಮಾಡ್ತಾರೆ, ಓಡಿದ್ರು ಎಂದ ಟೈಲರ್. ಯಾವ ಕಡೆಗೆ ಎಂದರೆ, ಈ ಮೆಟ್ಟಿಲು ಹತ್ತಿ ಮೇಲಕ್ಕೆ ಎಂದ. ಹೇಳಿದ ಮೇಲೆ ಟೈಲರಿಗೇ ಏನೋ ಹೊಳೆದಿರಬೇಕು, ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. ಕಿರುಚಿದ್ದು ಹಿತ್ತಿಲಿನಿಂದ. ಅಕ್ಕ ಬಿದ್ದದ್ದು ಹಿತ್ತಿಲಲ್ಲಿ. ಒಡಹುಟ್ಟಿದವನು ಓಡಿದ್ದು ಮಾತ್ರ ಖಾಲಿ ಕೋಣೆಗೆ. ಅಲ್ಲಿಂದ ತುರ್ತಾಗಿ ಎತ್ತಿಕೊಳ್ಳಬೇಕಾದ ವಸ್ತುವೊಂದು ಇದ್ದರೆ ಮಾತ್ರ ಮನುಷ್ಯ ಹಾಗೆ ಓಡುತ್ತಾನೆ.

ಇನ್‌ಸ್ಪೆಕ್ಟರಿಗೆ ಮೊದಲ ಬಾರಿಗೆ ಉಸಿರು ಸರಾಗವಾಯಿತು. ಆದರೂ ಒಂದು ತೊಡಕಿತ್ತು. ಡ್ಯಾಂಪರುಗಳನ್ನು ಸಾವಿನ ಮುಂಚೆಯೇ ತೆಗೆದಿದ್ದರು ಎಂದು ಹೇಳುವವರು ಬೇಕು. ಇಲ್ಲದಿದ್ದರೆ ತಮ್ಮನ ವಕೀಲ, ಅದನ್ನೆಲ್ಲ ಪೊಲೀಸರೇ ಆಮೇಲೆ ಕಿತ್ತದ್ದು ಎಂದು ನಕ್ಕು ಕೂರುತ್ತಾನೆ.

ಪಿಯಾನೊ ರಿಪೇರಿಗೆ ಯಾರಾದರೂ ಬಂದದ್ದು ಕಂಡೆಯಾ ಎಂದು ಕೇಳಿದ.

"ಬಂದಿದ್ರಲ್ಲ. ಅವತ್ತು ಬೆಳಿಗ್ಗೆನೇ. ಹುಡುಗಿ ಪೇಟೆಗೆ ಹೋದ್ಮೇಲೆ."

ಇಷ್ಟು ದಿನ ಯಾಕಯ್ಯ ಬಾಯಿ ಬಿಡಲಿಲ್ಲ ಎಂದರೆ, ನೀವು ಕೇಳಿದ್ದು ಪಿಯಾನೊ ಕೇಳಿಸ್ತಾ ಅಂತ, ನಾನು ಹೇಳಿದೆ, ರಿಪೇರಿಯವರ ವಿಷಯ ಯಾರು ಕೇಳಿದ್ರು ಎಂದು ಟೈಲರೇ ತಿರುಗಿ ಜೋರು ಮಾಡಿದ. ವಯಸ್ಸಾದವರಂತೆ, ಮುಂಚೆ ಕಂಡ ಮುಖವಲ್ಲವಂತೆ. ಹಳೆಯ ಉಣ್ಣೆಯನ್ನೆಲ್ಲ ಹುಳು ತಿಂದಿದೆ, ಅಂಚು ಕತ್ತರಿಸಬೇಕು ಎಂದು ಇವನ ಕತ್ತರಿ ಕೇಳಿದ್ದರಂತೆ. ಐದು ನಿಮಿಷದಲ್ಲಿ ಬೈದುಕೊಂಡು ವಾಪಸು ತಂದುಕೊಟ್ಟರಂತೆ. ಒಳಗೇನಿದೆಯೋ ಕಾಣದ ಒಂದು ಚೀಲ ಹೊತ್ತುಕೊಂಡು ಊಟದ ಹೊತ್ತಿಗೆ ಮುಂಚೆಯೇ ಹೊರಟುಹೋದರಂತೆ.

"ಬೈದದ್ದು ಯಾಕೆ?"

"ನನ್ನ ಕತ್ತರಿ ಬಲಗೈಯವರದ್ದು ಸಾರ್. ಅವರು ಎಡಚ. ಆ ಕೈಲಿ ಹಿಡಿದ್ರೆ ಅದು ಬಟ್ಟೆ ಕತ್ತರಿಸಲ್ಲ, ಮಡಚುತ್ತೆ." ಟೈಲರ್ ತನ್ನ ಎಡಕಿವಿ ಮುಟ್ಟಿ ತೋರಿಸಿದ. "ಇಲ್ಲೊಂದು ನೀಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ರು."

 ಇನ್‌ಸ್ಪೆಕ್ಟರನ ಮನೆಯ ಹಜಾರದಲ್ಲಿ ಹಾರ ಹಾಕಿದ ಮಾವನ ಫೋಟೋ ಇದೆ. ಅದರಲ್ಲಿರುವ ಮನುಷ್ಯನ ಎಡಕಿವಿಯ ಮೇಲೂ ಪೆನ್ಸಿಲಿದೆ.

ಬೀದಿಗಿಳಿದವನಿಗೆ ಜೀಪು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಮರೆತುಹೋಯಿತು. ನಡೆದೇ ಹೊರಟ. ತಲೆಯೊಳಗೆ ಅತ್ತೆಯ ಮಾತು ಕೊರೆಯುತ್ತಿತ್ತು. ಎಷ್ಟು ಹೇಳಿದ್ರೂ ಕೇಳಲ್ಲ. ಸತ್ತು ಹತ್ತು ವರ್ಷವಾದ ಗಂಡನ ಬಗ್ಗೆ ಹೆಂಡತಿಯಾದವಳು ಹೇಳುವುದು ಕೇಳ್ತಿರಲಿಲ್ಲ ಎಂದು. ಕೇಳಲ್ಲ ಎನ್ನುವುದು ಇವತ್ತು ಬೆಳಿಗ್ಗೆ ಕೂಡ ಹೇಳಿ ನೋಡಿದವರ ಮಾತು.

ಮಾವನ ಸಾವನ್ನು ಕಡತದಲ್ಲಿ ಬರೆದು ಮುಗಿಸಿದ್ದವನು ತಾನೇ ಎಂಬುದೂ ನೆನಪಾಯಿತು.

ಆಗ ಅವನು ಹೊಸ ಸಬ್ ಇನ್‌ಸ್ಪೆಕ್ಟರ್. ನದಿಯಲ್ಲಿ ಹೆಣವೊಂದು ಸಿಕ್ಕಿತ್ತು, ಮೀನು ತಿಂದು ಮುಖವೇ ಉಳಿದಿರಲಿಲ್ಲ. ಗುರುತು ಹಿಡಿಯಲು ಬಂದದ್ದು ಮಗಳು. ಕೋಟನ್ನು ಕಂಡೊಡನೆ ಕುಸಿದು ಕೂತಿದ್ದಳು. ಅಪ್ಪನದೇ ಕೋಟು, ಎಡಗೈಯವರಿಗೆ ಸುಲಭವಾಗಲಿ ಅಂತ ಗುಂಡಿಯನ್ನು ಆ ಬದಿಗೆ ಹೊಲಿದುಕೊಟ್ಟವಳು ನಾನೇ ಎಂದು ಅತ್ತಿದ್ದಳು. ಅವನು ಒಂದು ಲೋಟ ನೀರು ಕೊಟ್ಟಿದ್ದ. ಆಮೇಲೆ ಪತ್ರಗಳಿಗೆ ಸಹಿ ಹಾಕಿಸಲು ಅವರ ಮನೆಗೆ ಹೋಗಿದ್ದ. ಆಮೇಲೆ ಸಹಿಯ ನೆಪವಿಲ್ಲದೆಯೂ ಹೋಗಿದ್ದ. ಆ ಲೋಟ ನೀರಿನಿಂದಲೇ ಮದುವೆಯಾಯಿತು ಎಂದು ಮನೆಯಲ್ಲಿ ಇಂದಿಗೂ ನಗುವುದುಂಟು.



ಅತ್ತೆಯ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಗೆ ಒರಗಿದ ಪಿಯಾನೊ ಹಲಗೆಗಳು, ಸುರುಳಿ ಸುತ್ತಿದ ತಂತಿ, ಚಿಕ್ಕ ಒಲೆಯ ಮೇಲೆ ಅಂಟಿನ ಪಾತ್ರೆ, ಅದರ ಕೆಟ್ಟ ವಾಸನೆ. ಒಳಕೋಣೆಯ ಬಾಗಿಲು ಹಾಕಿತ್ತು. ಅತ್ತೆ ಮೇಜಿನ ಮುಂದೆ ಕೂತಿದ್ದರು. ಅಳಿಯ ಬಾಗಿಲು ತಟ್ಟದೆ ಒಳಗೆ ಬಂದದ್ದನ್ನು ಕಂಡು, ಮೇಜಿನ ಮೇಲಿನ ತಟ್ಟೆಗೆ ಬಟ್ಟೆ ಮುಚ್ಚಿದರು.

ಅವನು ಬಟ್ಟೆ ಎತ್ತಿದ. ಮರದ ತುಂಡುಗಳು ಸಾಲಾಗಿ ಒಣಗುತ್ತಿದ್ದವು, ಪ್ರತಿಯೊಂದರ ಮುಖಕ್ಕೂ ಹೊಸ ಬಿಳಿ ಉಣ್ಣೆ. ದಪ್ಪ ದನಿಯ ತಂತಿಗಳವು ಬೆಣೆಯಂತೆ ಚೂಪಾಗಿದ್ದವು, ಸಣ್ಣ ದನಿಯವು ಚಪ್ಪಟೆ. ಎಲ್ಲದರ ಬೆನ್ನಿಗೂ ನೀಲಿ ಪೆನ್ಸಿಲಿನ ನಂಬರು. ಬಲಗಡೆಯಿಂದ.

"ಇವು ಎಲ್ಲಿಂದ ಬಂದ್ವು ಅತ್ತೆ?"

ಅತ್ತೆ ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿದರು. ಟೀಚರಮ್ಮ ಸತ್ತ ದಿನ ಯಾರೋ ಚೀಲದಲ್ಲಿ ಹಾಕಿ ಬಾಗಿಲಿಗೆ ನೇತುಹಾಕಿ ಹೋಗಿದ್ದರು ಎಂದರು. ಯಾರು ಅಂತ ನೋಡಲಿಲ್ಲ. ಕೆಲಸ ಅಂತ ಬಂದ ಮೇಲೆ ಮಾಡಬೇಕಲ್ಲ, ಉಣ್ಣೆ ಅಂಟಿಸಿದೆ. ಅಷ್ಟೇ.

ಅವರು ಸುಳ್ಳು ಹೇಳುವುದನ್ನು ಇನ್‌ಸ್ಪೆಕ್ಟರ್ ಇದೇ ಮೊದಲು ನೋಡಿದ್ದು. ಅಭ್ಯಾಸವಿಲ್ಲದ ಕೆಲಸ ಎಂಬುದು ಎದ್ದು ಕಾಣುತ್ತಿತ್ತು.

"ಆಗ ಪಿಯಾನೊ ಮುಂದೆ ನೀವು 'ಕೇಳಲ್ಲ' ಅಂದ್ರಿ," ಎಂದ ಅವನು. "ಕೇಳ್ತಿರಲಿಲ್ಲ ಅನ್ನಲಿಲ್ಲ."

ಅತ್ತೆಯ ಕೈಯಲ್ಲಿದ್ದ ಇಕ್ಕಳ ಮೇಜಿನ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಲು ಹೋಗಿ ಎತ್ತಿಕೊಳ್ಳದೆ ಬಿಟ್ಟರು. 

ಅವನು ಟೈಲರನ ಕತ್ತರಿಯ ಕಥೆ ಹೇಳಿದ. ಪೆನ್ಸಿಲಿನ ಕಥೆ ಹೇಳಿದ. ನಾಳೆ ಕೋರ್ಟಿನಲ್ಲಿ ಹುಡುಗಿಯ ಗತಿ ಏನಾಗುತ್ತದೆ ಎನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಅತ್ತೆ ಎಲ್ಲವನ್ನೂ ಕೇಳಿ, ಕೊನೆಗೆ ತಟ್ಟೆಯನ್ನು ಅವನ ಕಡೆಗೆ ತಳ್ಳಿದರು.

"ನಿಮ್ಮಿಂದ ಮುಚ್ಚಿಡೋ ಮನಸ್ಸಿದ್ದಿದ್ರೆ ಆ ನಿಲ್ಲದ ಸ್ವರ ನಿಮಗೆ ಯಾಕೆ ಕೇಳಿಸ್ತಿದ್ದೆ? ಪಿಯಾನೊ ಸರಿ ಇದೆ ಅಂತ ಹೇಳಿ ಮನೆಗೆ ಬರ್ತಿದ್ದೆ," ಎಂದರು. "ಆ ಮಗು ಹೊರಗೆ ಬರ್ಲಿ ಅಂತ ನನ್ನ ಆಸೆ. ಅದನ್ನ ಬಿಡಿಸೋಕೆ ಆ ಸ್ವರ ಒಂದೇ ಸಾಕಾಗುತ್ತೆ, ಮನುಷ್ಯರು ಬೇಕಾಗಲ್ಲ ಅಂದ್ಕೊಂಡೆ."

"ಬೇಕು ಅತ್ತೆ. ಟೈಲರ್ ಕಂಡದ್ದು ಬರೀ ಚೀಲ. ತೆಗೆದದ್ದು ಬೆಳಿಗ್ಗೆನೇ ಅಂತ ಹೇಳೋಕೆ, ತೆಗೆದವರೇ ಬಂದು ನಿಲ್ಲಬೇಕು."

"ಅವರು ಬಂದು ನಿಂತ್ರೆ ನೀವು ಉಳೀತೀರಾ?"

 ಸತ್ತವನು ಸಾಕ್ಷಿ ಕಟ್ಟೆ ಹತ್ತಿದರೆ ಮೊದಲ ಪ್ರಶ್ನೆ ಟೀಚರಮ್ಮನದ್ದಾಗಿರುವುದಿಲ್ಲ. ಅವತ್ತು ನದಿಯಲ್ಲಿ ಸಿಕ್ಕವನು ಯಾರು, ಅವನನ್ನು ನಿಮ್ಮ ಮಾವ ಎಂದು ಬರೆದು ಮುಗಿಸಿದವರು ಯಾರು, ಆ ಮನೆಯ ಮಗಳನ್ನೇ ಮದುವೆಯಾದವರು ಯಾರು ಎಂದು ಆಗುತ್ತದೆ. ಬಿಸಿ ತುಪ್ಪ ಎಂದರೆ ಇದೇ. ಉಗುಳಿದರೆ ಅವನ ಮನೆ ಹೋಗುತ್ತಿತ್ತು, ನುಂಗಿದರೆ ಆ ಹುಡುಗಿ ಹೋಗುತ್ತಿದ್ದಳು.

ಹುಡುಗಿಯ ಮುಖ ಕಣ್ಣೆದುರಿಗೆ ಬಂತು. ನಿನ್ನೆ ಅವಳು ಅಳುವುದನ್ನೂ ಬಿಟ್ಟಿದ್ದಳು. ಕಂಬಿ ಹಿಡಿದು, ಪಿಯಾನೊ ನೋಡಿದ್ರಾ ಎಂದಷ್ಟೇ ಕೇಳಿದ್ದಳು.

"ನಾನು ಉಳಿಯೋ ಮಾತು ಆಮೇಲೆ," ಎಂದ.  "ಮಾವ ಎಲ್ಲಿದ್ದಾರೆ?"

"ನನಗೆ ಗೊತ್ತಿಲ್ಲ. ನಾನು ಅವರನ್ನ ನೋಡಿಲ್ಲ. ಆಣೆ ಮಾಡಿ ಹೇಳ್ಲಾ?"

ಅತ್ತೆ ಮಾತು ಮುಗಿಸುವ ಮೊದಲೇ ಮುಚ್ಚಿದ ಬಾಗಿಲಿನ ಆಚೆ ಒಂದು ಸ್ವರ ನುಡಿಯಿತು.

ಒಳಕೋಣೆಯಲ್ಲಿ ಅತ್ತೆಯ ಸ್ವಂತ ಪಿಯಾನೊ ಇದೆ. ನುಡಿದದ್ದು ಅದೇ. ಒಂದೇ ಸ್ವರ, ದುಂಡಗೆ, ಸ್ಪಷ್ಟವಾಗಿ. ಮರುಕ್ಷಣ, ಕತ್ತರಿಸಿದ ಹಾಗೆ ನಿಂತಿತು. ಹೊಸ ಉಣ್ಣೆ ಅಂಟಿಸಿದ ಡ್ಯಾಂಪರನ್ನು ಕೆಲಸದವರು ಪರೀಕ್ಷಿಸುವುದೇ ಹಾಗೆ.

ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, ಸಿಟ್ಟಿನಿಂದಲ್ಲ, ದಿನವೂ ಹೇಳಿ ಹೇಳಿ ಸೋತವರ ದನಿಯಲ್ಲಿ ಹೇಳಿದರು.

"ಮುಟ್ಟಬೇಡಿ ಅಂದಿದ್ದೆನಲ್ಲ."

ಮುಟ್ಟಬೇಡಿ. ಅತ್ತೆಯ ಲೋಕದಲ್ಲಿ ಬಹುವಚನಕ್ಕೆ ಹಕ್ಕುದಾರರು ಇಬ್ಬರೇ. ಅವರಲ್ಲಿ ಒಬ್ಬ ಇಲ್ಲಿ ಮೇಜಿನ ಈಚೆ ನಿಂತಿದ್ದ.

ಒಳಗಿನ ಚಿಲಕ ಸರಿಯಿತು. ಬಾಗಿಲನ್ನು ತಳ್ಳಿದ್ದು ಎಡಗೈ. ಫೋಟೋದಲ್ಲಿದ್ದುದಕ್ಕಿಂತ ಕೂದಲು ಬಿಳಿ, ಮೈ ಸಣ್ಣ, ಆದರೆ ಕಿವಿಯ ಮೇಲಿನ ಪೆನ್ಸಿಲ್ ಅದೇ ಜಾಗದಲ್ಲಿತ್ತು. ಹತ್ತು ವರ್ಷದಿಂದ ತಾನು ಕೈಮುಗಿಯುತ್ತಿದ್ದ ಮುಖ ತನ್ನನ್ನೇ ನೋಡುತ್ತಿರುವುದನ್ನು ಇನ್‌ಸ್ಪೆಕ್ಟರ್ ನೋಡುತ್ತಲೇ ನಿಂತ.

"ಎಲ್ಲ ಕೇಳಿಸ್ಕೊಂಡೆ ಅಳಿಯಂದಿರೇ," ಎಂದರು ಮಾವ. "ಸಾಕ್ಷಿ ಹೇಳ್ತೀನಿ. ಆ ಮಗೂನ ಬಿಡಿಸ್ಕೊಂಡು ಬರೋಣ. ನಡೀರಿ."

ಅವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಹೊಸ್ತಿಲ ಬಳಿ ಬಂದವರು ಏನೋ ನೆನಪಾದಂತೆ ನಿಂತರು.

"ಆದ್ರೆ ನನ್ನ ಕೋಟು ಆ ಸತ್ತವನ ಮೈಮೇಲೆ ಹೇಗೆ ಬಂತು ಅಂತ ಕೋರ್ಟಿನವರು ಕೇಳೇ ಕೇಳ್ತಾರೆ. ಅದಕ್ಕೆ ಮುಂಚೆ ಮನೆಗೆ ಹೋಗಿ ನಿಮ್ಮ ಹೆಂಡ್ತೀನ ಕೇಳಿ. ಆ ಸತ್ತವನಿಗೆ ಕೋಟು ತೊಡಿಸಿ ಗುಂಡಿ ಹಾಕಿದವಳು ಅವಳೇ."